ಜರ್ಮಾಟ್ ಸುತ್ತ ನಡೆಯುವುದು: ಕಿಲೋಮೀಟರ್ ಅಲ್ಲ, ಏರಿನ ಲೆಕ್ಕ

ಸ್ವಿಟ್ಜರ್ಲೆಂಡಿನ ಜರ್ಮಾಟ್ ಊರು ಇರುವುದೇ ಸುಮಾರು 1,600 ಮೀಟರ್ ಎತ್ತರದಲ್ಲಿ. ನಮ್ಮ ಕುಮಾರಪರ್ವತದ ತುದಿ 1,712 ಮೀಟರ್. ನಾವು ಇಡೀ ದಿನ ಬೆವರು ಸುರಿಸಿ ಮುಟ್ಟುವ ಎತ್ತರಕ್ಕೆ ಅಲ್ಲಿ ರೈಲೇ ತಂದು ಇಳಿಸುತ್ತದೆ. ನಡಿಗೆ ಶುರುವಾಗುವುದು ಅಲ್ಲಿಂದ ಮೇಲಕ್ಕೆ. ಕುಕ್ಕೆಯಿಂದ ಕುಮಾರಪರ್ವತ ಹತ್ತಿ ಇಳಿದವರಿಗೆ ಕಾಲಿನ ಬಲಕ್ಕೇನೂ ಕೊರತೆಯಿಲ್ಲ. ತೆಳು ಗಾಳಿ, ಚಳಿ, ಕೊನೆಯ ಗೊಂಡೋಲದ (ತಂತಿಯ ಮೇಲೆ ಓಡುವ ತೂಗುಗಾಡಿ) ಸಮಯ, ಈ ಮೂರರ ಲೆಕ್ಕ ಮಾತ್ರ ಹೊಸದಾಗಿ ಕಲಿಯಬೇಕು. ಆ ಲೆಕ್ಕಕ್ಕೆ ಹೊಂದುವಂತೆ ದಾರಿಗಳನ್ನು ನಾನು ಜೋಡಿಸಿಕೊಳ್ಳುವ ಕ್ರಮ ಇದು.

ಊರೊಳಗೆ ಪೆಟ್ರೋಲ್ ಕಾರು ಬಿಡುವುದಿಲ್ಲ. ಕಾರನ್ನು ಟೆಶ್‌ನಲ್ಲಿ ನಿಲ್ಲಿಸಿ ರೈಲು ಹತ್ತಿದರೆ 12 ನಿಮಿಷದ ಹಾದಿ.

ಕವಲಿನಲ್ಲೆಲ್ಲ ಹಳದಿ ಫಲಕಗಳಿವೆ. ಅವುಗಳ ಮೇಲೆ ಬರೆದಿರುವುದು ದೂರವಲ್ಲ, ಗಂಟೆ. ಅದೂ ವಿಶ್ರಾಂತಿ ಬಿಟ್ಟು. ಫಲಕವನ್ನಷ್ಟೇ ನಂಬದೆ ನಾನು ಹಿಂದಿನ ರಾತ್ರಿಯೇ ಲೆಕ್ಕ ಹಾಕುತ್ತೇನೆ. ಸಮತಟ್ಟಿಗೆ ಗಂಟೆಗೆ 4 ಕಿ.ಮೀ., ಏರಿಗೆ ಗಂಟೆಗೆ 300 ಮೀಟರ್, ಇಳಿತಕ್ಕೆ 500 ಮೀಟರ್. ದೂರದ ಸಮಯ ಒಂದು ಕಡೆ, ಏರಿಳಿತದ ಸಮಯ ಇನ್ನೊಂದು ಕಡೆ ಬರೆದು, ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸಬೇಕು. ಶ್ವಾರ್ಟ್ಸ್‌ಸೇ ನಿಲ್ದಾಣದಿಂದ (2,583 ಮೀಟರ್) ಹ್ಯೋರ್ನ್ಲಿ ಹಟ್ ಎಂಬ ತಂಗುಮನೆಗೆ (3,260 ಮೀಟರ್) ದೂರ ಸುಮಾರು 4 ಕಿ.ಮೀ. ದೂರಕ್ಕೆ 1 ಗಂಟೆ. ಏರು 677 ಮೀಟರ್, ಅದಕ್ಕೆ ಎರಡೂಕಾಲು ಗಂಟೆ. ಒಟ್ಟು ಎರಡೂಮುಕ್ಕಾಲು ಗಂಟೆ. ನಾಲ್ಕು ಕಿಲೋಮೀಟರ್ ತಾನೇ ಎಂದು ಊಟದ ನಂತರ ಹೊರಟವರು ಕೊನೆಯ ಗೊಂಡೋಲ ತಪ್ಪಿಸಿಕೊಂಡು, ಶ್ವಾರ್ಟ್ಸ್‌ಸೇಯಿಂದ ಊರಿಗೆ ಇನ್ನೂ ಸಾವಿರ ಮೀಟರ್ ಸೋತ ಮೊಣಕಾಲಲ್ಲಿ ಇಳಿಯಬೇಕಾಗುತ್ತದೆ.

ಗುರುತಿನ ಬಣ್ಣಗಳಲ್ಲಿ ಗೊಂದಲ ಬೇಡ. ಬರೀ ಹಳದಿಯಾದರೆ ಸಾಧಾರಣ ಕಾಲುದಾರಿ. ಬಿಳಿ-ಕೆಂಪು-ಬಿಳಿ ಪಟ್ಟೆಯಾದರೆ ಬೆಟ್ಟದ ದಾರಿ. ಕಡಿದಾದ ಜಾಗಗಳಲ್ಲಿ ಹಗ್ಗ, ಸರಪಳಿ ಇರಬಹುದು. ಬಿಳಿ-ನೀಲಿ-ಬಿಳಿಯಾದರೆ ಹಿಮ, ಬಂಡೆ, ಕೈ ಊರಿ ಹತ್ತುವುದು. ಅದು ಚಾರಣಿಗರ ದಾರಿಯಲ್ಲ.

ಮೊದಲ ದಿನ ಐದು ಕೆರೆಗಳ ದಾರಿ. ನೆಲದೊಳಗಿನ ರೈಲಿನಲ್ಲಿ ಸುನ್ನೆಗ್ಗಾ, ಅಲ್ಲಿಂದ ಗೊಂಡೋಲದಲ್ಲಿ ಬ್ಲೌಹೆರ್ಡ್ (2,571 ಮೀಟರ್). ಅಲ್ಲಿಂದ ಸ್ಟೆಲ್ಲಿಸೇ, ಗ್ರಿಂಡ್ಜಿಸೇ, ಗ್ರ್ಯೂನ್‌ಸೇ, ಮೂಸ್ಜಿಸೇ, ಲೈಸೇ ಕೆರೆಗಳನ್ನು ಸುತ್ತಿ ಮತ್ತೆ ಸುನ್ನೆಗ್ಗಾಕ್ಕೆ ಬಂದರೆ ಒಂಬತ್ತು ಕಿಲೋಮೀಟರ್ ಮೀರುತ್ತದೆ. ನನ್ನ ಲೆಕ್ಕಕ್ಕೆ ಮೂರು ಗಂಟೆ. ಬಹುಪಾಲು ಇಳಿತವೇ. ಆದರೆ ಮೂಸ್ಜಿಸೇಯಿಂದ ಲೈಸೇಗೆ ಸುಮಾರು ನೂರು ಮೀಟರ್ ಏರಬೇಕು, ಅದು ಬರುವುದೇ ಕೊನೆಯಲ್ಲಿ. ಅದಕ್ಕೆಂದೇ ಅರ್ಧ ಲೀಟರ್ ನೀರನ್ನು ಮುಟ್ಟದೆ ಉಳಿಸಿಕೊಳ್ಳುತ್ತೇನೆ. ಮ್ಯಾಟರ್‌ಹಾರ್ನ್ ಶಿಖರದ ಬಿಂಬ ನೀರಿನಲ್ಲಿ ಕಾಣಬೇಕೆಂದರೆ ಸ್ಟೆಲ್ಲಿಸೇಗೆ ಬೆಳಿಗ್ಗೆ ಬೇಗ ಹೋಗಬೇಕು. ಬಿಸಿಲೇರಿ ಗಾಳಿ ಎದ್ದರೆ ಕೆರೆ ಕದಡುತ್ತದೆ, ಬಿಂಬ ಒಡೆಯುತ್ತದೆ.

ಎರಡನೇ ದಿನ ಗಾರ್ನರ್‌ಗ್ರಾಟ್. 1898ರಿಂದ ಓಡುತ್ತಿರುವ ಹಲ್ಲುಗಾಲಿ ರೈಲು 3,089 ಮೀಟರ್‌ವರೆಗೆ ಒಯ್ಯುತ್ತದೆ. ಮೇಲೆ ಒಂದೆರಡು ಗಂಟೆ ಸುಮ್ಮನೆ ಕೂತು, ಒಂದು ನಿಲ್ದಾಣ ಕೆಳಗಿನ ರೋಟನ್‌ಬೋಡನ್‌ಗೆ ಬಂದು, ರಿಫೆಲ್‌ಸೇ ದಂಡೆಯ ಮೇಲಿಂದ ರಿಫೆಲ್‌ಬರ್ಗ್‌ಗೆ ನಡೆದರೆ ಸಾಕು. ಆ ದಿನದ ಕೆಲಸ ನಡೆಯುವುದಲ್ಲ, ಎತ್ತರಕ್ಕೆ ಮೈ ಒಗ್ಗಿಸುವುದು.

ಮೂರನೇ ದಿನ ಹ್ಯೋರ್ನ್ಲಿ ಹಟ್. ಮ್ಯಾಟರ್‌ಹಾರ್ನ್ ಹತ್ತುವವರು ರಾತ್ರಿ ತಂಗುವ ಮನೆ ಅದು. ಶಿಖರದ ಎತ್ತರ 4,478 ಮೀಟರ್. 1865ರ ಜುಲೈ 14ರಂದು ಮೊದಲ ಬಾರಿ ಹತ್ತಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಹಟ್‌ವರೆಗಿನ ದಾರಿ ಚಾರಣಿಗರದ್ದೇ, ಆದರೆ ಹಗುರವಾಗಿ ಕಾಣುವಂಥದ್ದಲ್ಲ. ಮೊದಲ ಭಾಗದಲ್ಲಿ ಬಂಡೆಯ ಪಕ್ಕಕ್ಕೆ ಜೋಡಿಸಿದ ಕಬ್ಬಿಣದ ಮೆಟ್ಟಿಲು, ಜಾಲರಿಯ ಹಲಗೆಗಳಿವೆ. ಕೆಳಗಿನ ಪ್ರಪಾತ ಜಾಲರಿಯ ಸಂದಿನಲ್ಲೇ ಕಾಣುವುದರಿಂದ ತಲೆತಿರುಗುವವರು ಅಲ್ಲೇ ತೀರ್ಮಾನಿಸಿ ಹಿಂದಿರುಗುವುದು ಒಳ್ಳೆಯದು. ಕಡೆಯ ಭಾಗದ ಏರು ಅಂಕುಡೊಂಕು, ಗಟ್ಟಿ ಬಂಡೆಯ ಮೇಲೆ ಸಣ್ಣ ಜಲ್ಲಿ. ಹತ್ತುವಾಗ ಅದು ತೊಂದರೆ ಕೊಡುವುದಿಲ್ಲ. ಇಳಿಯುವಾಗ ಆ ಜಲ್ಲಿ ಕಾಲಡಿಯಲ್ಲಿ ರಾಗಿಯ ಕಾಳಿನಂತೆ ಉರುಳುತ್ತದೆ. ಹಿಮ್ಮಡಿ ಮೊದಲು ಊರಿ ದೊಡ್ಡ ಹೆಜ್ಜೆ ಹಾಕಿದರೆ ಜಾರುವುದು ಖಂಡಿತ. ಪೂರ್ತಿ ಪಾದ ಊರಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಗೇಣುದ್ದದ ಹೆಜ್ಜೆಗಳಲ್ಲಿ ಇಳಿಯುತ್ತೇನೆ. ಕೋಲುಗಳನ್ನು ಇಳಿತಕ್ಕೆ 5ರಿಂದ 10 ಸೆಂ.ಮೀ. ಉದ್ದ ಮಾಡುತ್ತೇನೆ, ಹಗ್ಗ ಹಿಡಿಯುವ ಜಾಗ ಬಂದರೆ ಮಡಿಸಿ ಚೀಲಕ್ಕೆ ಕಟ್ಟುತ್ತೇನೆ. ಕೋಲು ಮಣಿಕಟ್ಟಿಗೆ ನೇತಾಡುತ್ತಿದ್ದರೆ ಮೆಟ್ಟಿಲಿಗೆ ಸಿಕ್ಕಿಕೊಂಡು ಸಮತೋಲ ತಪ್ಪಿಸುತ್ತದೆ.

ಹಟ್ ಹಿಂದೆ ಬಂಡೆಗೆ ದಪ್ಪ ಹಗ್ಗ ಕಟ್ಟಿರುವುದು ಕಾಣುತ್ತದೆ. ಫೋಟೊಕ್ಕೆಂದು ಕೂಡ ಅದನ್ನು ಹಿಡಿದು ಹತ್ತಬೇಡಿ. ಅಲ್ಲಿಂದ ಮೇಲೆ ಗುರುತಿನ ಪಟ್ಟೆಗಳಿಲ್ಲ, ಮೇಲಿನವರ ಕಾಲಿನಿಂದ ಕಲ್ಲು ಉರುಳಿ ಬರುತ್ತಿರುತ್ತವೆ. ಜೂನ್ ಕೊನೆಯವರೆಗೂ ಈ ದಾರಿಯಲ್ಲಿ ಹಿಮ ಉಳಿದಿರಬಹುದು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರಗಳು ನನ್ನ ಆಯ್ಕೆ.

ಬೂಟಿನ ವಿಷಯ ಇಲ್ಲೇ ಹೇಳಬೇಕು. ವರ್ಷಗಟ್ಟಲೆ ಅಟ್ಟದ ಮೇಲಿಟ್ಟ ಬೂಟು ಹೊರಗಿನಿಂದ ಹೊಸದರಂತೆ ಕಂಡರೂ ಅದರ ಅಡಿಯ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೆ ಒಳಗೇ ಪುಡಿಯಾಗಿರುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇನ್ನೂ ಬೇಗ. ಹೊರಡುವ ತಿಂಗಳ ಮೊದಲೇ ಅಟ್ಟೆಯನ್ನು ಕೈಯಲ್ಲಿ ಬಲವಾಗಿ ಬಗ್ಗಿಸಿ ನೋಡಿ. ಅಂಚಿನಲ್ಲಿ ಬಿರುಕು ಕಂಡರೆ, ಪುಡಿ ಉದುರಿದರೆ ಅದನ್ನು ಒಯ್ಯಬೇಡಿ. ದಾರಿಯಲ್ಲಿ ಅಟ್ಟೆ ಕಳಚಿದರೆ ದಾರ, ಅಂಟುಪಟ್ಟಿ ಸುತ್ತಿ ಅರ್ಧ ಗಂಟೆ ತಳ್ಳಬಹುದು, ಅಷ್ಟೇ. ಇಳಿತಕ್ಕೆ ಮುಂಚೆ ಪಾದದ ಗಂಟಿನ ಬಳಿ ಲೇಸನ್ನು ಮತ್ತೊಮ್ಮೆ ಬಿಗಿ ಮಾಡಿದರೆ ಬೆರಳು ಮುಂದಕ್ಕೆ ಗುದ್ದುವುದಿಲ್ಲ, ಉಗುರು ಕಪ್ಪಾಗುವುದಿಲ್ಲ.

ನಾಲ್ಕನೇ ದಿನ ಹವೆ ಚೆನ್ನಾಗಿದ್ದರೆ ಓಬರ್‌ರೋಟ್‌ಹಾರ್ನ್. 3,400 ಮೀಟರ್ ಮೀರಿದ ಶಿಖರವಾದರೂ ಹಿಮನದಿ ದಾಟದೆ ಗುರುತಿನ ದಾರಿಯಲ್ಲೇ ಮುಟ್ಟಬಹುದು. ಬ್ಲೌಹೆರ್ಡ್‌ನಿಂದ 840 ಮೀಟರ್ ಏರು. ಇಲ್ಲಿ ತಲೆನೋವು, ವಾಕರಿಕೆ ಶುರುವಾದರೆ ಇನ್ನೂ ಎತ್ತರದ, ಕೊನೆಯ ಶಿಖರ ಬ್ರೈಟ್‌ಹಾರ್ನ್ ಕೈಬಿಡಿ.

ಬ್ರೈಟ್‌ಹಾರ್ನ್ (4,164 ಮೀಟರ್) ಆಲ್ಪ್ಸ್‌ನ ನಾಲ್ಕು ಸಾವಿರದ ಶಿಖರಗಳಲ್ಲಿ ಸುಲಭದ್ದು ಎಂದು ಹೆಸರಾಗಿರುವುದೇ ಅದರ ಅಪಾಯ. ಗೊಂಡೋಲ 3,883 ಮೀಟರ್‌ಗೆ ತಂದು ಬಿಡುವುದರಿಂದ ಮೊದಲು ಸ್ವಲ್ಪ ಇಳಿದು ಮತ್ತೆ ಏರುವುದು ಮುನ್ನೂರು ಚಿಲ್ಲರೆ ಮೀಟರ್, ಒಂದೂವರೆಯಿಂದ ಎರಡು ಗಂಟೆ. ಆದರೆ ನಡೆಯುವುದೆಲ್ಲ ಹಿಮನದಿಯ ಮೇಲೆ. ಬಿರುಕುಗಳು ಹಿಮದಡಿಯಲ್ಲಿ ಮುಚ್ಚಿರುತ್ತವೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 60 ಮಾತ್ರ. ಹಿಮನದಿಯ ಅಭ್ಯಾಸವಿಲ್ಲದವರು ಗೈಡ್ ಇಲ್ಲದೆ ಹೋಗಲೇಬಾರದು. ನಾನು ಮೊದಲ ಗೊಂಡೋಲಕ್ಕೇ ಹೋಗುತ್ತೇನೆ, ಏಕೆಂದರೆ ರಾತ್ರಿಯ ಚಳಿಗೆ ಗಟ್ಟಿಯಾದ ಹಿಮ ಹೊತ್ತೇರಿದಂತೆ ಮೆತ್ತಗಾಗಿ, ಬಿರುಕಿನ ಮೇಲಿನ ಹಿಮಸೇತುವೆ ಸಡಿಲವಾಗುತ್ತದೆ. ಮೂವರಿದ್ದರೆ ಒಬ್ಬೊಬ್ಬರ ನಡುವೆ 10ರಿಂದ 12 ಮೀಟರ್ ಹಗ್ಗ. ಅದು ಹಿಮದ ಮೇಲೆ ಸುರುಳಿ ಬೀಳುತ್ತಿದ್ದರೆ ಮುಂದಿನವರು ಬಿದ್ದಾಗ ಅಷ್ಟೂ ಆಳ ಹೋಗುತ್ತಾರೆ.

ಹಿಮದಲ್ಲಿ ಜಾರದಂತೆ ಬೂಟಿನಡಿಗೆ ಕಟ್ಟುವ ಮೊಳೆಯ ಚೌಕಟ್ಟುಗಳನ್ನು, ಅಂದರೆ ಕ್ರಾಂಪಾನ್‌ಗಳನ್ನು, ಊರಿನ ಅಂಗಡಿಗಳಲ್ಲಿ ಬಾಡಿಗೆಗೆ ಪಡೆಯಬಹುದು. ಅಲ್ಲೇ ಬೂಟಿಗೆ ಹೊಂದಿಸಿ, ಪಟ್ಟಿ ಕಟ್ಟುವ ಮೊದಲೇ ಬೂಟನ್ನು ಎತ್ತಿ ಅಲುಗಾಡಿಸಿ. ಕಳಚಿ ಬಿದ್ದರೆ ಉದ್ದ ಸರಿಯಾಗಿಲ್ಲ. ಹಿಂಬದಿ ಲಿವರ್‌ನದಕ್ಕೆ ಬೂಟಿನ ಹಿಮ್ಮಡಿಯಲ್ಲಿ ಗಟ್ಟಿ ಅಂಚು ಬೇಕು. ಇಲ್ಲದಿದ್ದರೆ ಪಟ್ಟಿಯದನ್ನೇ ಕೇಳಿ. ದೊಗಳೆ ಪ್ಯಾಂಟಿನ ಅಂಚು ಮೊಳೆಗೆ ಸಿಕ್ಕಿ ಬೀಳುವವರು ಬಹಳ. ಮೆತ್ತನೆ ಹಿಮ ಅಡಿಯಲ್ಲಿ ಮುದ್ದೆ ಕಟ್ಟಿದರೆ ಮೊಳೆ ನೆಲ ಮುಟ್ಟುವುದೇ ಇಲ್ಲ. ಐಸ್ ಆಕ್ಸ್‌ನ (ಹಿಮ ಕಡಿಯುವ ಕೊಡಲಿ) ಹಿಡಿಯಿಂದ ಬೂಟಿನ ಪಕ್ಕಕ್ಕೆ ತಟ್ಟಿ ಬೀಳಿಸುತ್ತಿರಬೇಕು. ತುದಿಯ ಏಣಿನಲ್ಲಿ ಉತ್ತರದ ಕಡೆಗೆ ಹಿಮದ ಚಾಚು ಕೆಳಗೆ ಆಧಾರವಿಲ್ಲದೆ ನಿಂತಿರುತ್ತದೆ. ಹಾಗಾಗಿ ಅಂಚಿನಿಂದ ದೂರ, ದಕ್ಷಿಣಕ್ಕೇ ನಡೆಯುತ್ತೇನೆ.

ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಊರಿನಲ್ಲಿ 20 ಡಿಗ್ರಿಯಿದ್ದರೆ ಹ್ಯೋರ್ನ್ಲಿಯಲ್ಲಿ 9, ಬ್ರೈಟ್‌ಹಾರ್ನ್ ಮೇಲೆ 3. ಗಾಳಿ ಬೀಸಿದರೆ ಇನ್ನೂ ಕಡಿಮೆ ಅನ್ನಿಸುತ್ತದೆ. ಮ್ಯಾಟರ್‌ಹಾರ್ನ್ ತುದಿಯಿಂದ ಒಂದೇ ಪಕ್ಕಕ್ಕೆ ಬಾವುಟದಂತೆ ಮೋಡ ಹಾರುತ್ತಿದ್ದರೆ ಮೇಲೆ ಜೋರು ಗಾಳಿಯಿದೆ ಎಂದರ್ಥ. ಆ ದಿನ ಏಣಿನ ದಾರಿ ಬಿಟ್ಟು ಕೆರೆಗಳ ಕಡೆ ಹೋಗುತ್ತೇನೆ. ಬೇಸಿಗೆಯ ಸಿಡಿಲು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದು, ಆದ್ದರಿಂದ ಹನ್ನೆರಡರೊಳಗೆ ತುದಿಯಿಂದ ಇಳಿದಿರಬೇಕು.

ಈ ಕಣಿವೆಯಿರುವ ವಾಲೇ ಪ್ರಾಂತ್ಯದಲ್ಲಿ ಬೆಟ್ಟದ ರಕ್ಷಣೆಗೆ ಕರೆಯಬೇಕಾದ ಸಂಖ್ಯೆ 144. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಬಾರಿ ಸೀಟಿ ಅಥವಾ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಬಾರಿ ಉತ್ತರ ಬಂದರೆ ಕೇಳಿಸಿಕೊಂಡಿದ್ದಾರೆ. ಹೆಲಿಕಾಪ್ಟರ್ ಬಂದಾಗ ಸಹಾಯ ಬೇಕಿದ್ದರೆ ಎರಡೂ ಕೈ ಮೇಲಕ್ಕೆ ಚಾಚಿ ನಿಲ್ಲಬೇಕು. ಬೇಡದಿದ್ದರೆ ಒಂದು ಕೈ ಮೇಲೆ, ಒಂದು ಕೆಳಗೆ. ಖುಷಿಯಿಂದ ಎರಡೂ ಕೈ ಬೀಸಿದರೆ ಪೈಲಟ್ ಇಳಿಯಲು ಜಾಗ ಹುಡುಕತೊಡಗುತ್ತಾರೆ.