ಡೇರಿ ಕಂಪ್ಯೂಟರ್‌ಗೆ ನಾನು ಕೊಟ್ಟ ಅಂಕ

ಊರಿನ ಹಾಲಿನ ಸಂಘಗಳು ಡಿಜಿಟಲ್ ವ್ಯವಹಾರಕ್ಕೆ ಎಷ್ಟು ತಯಾರಾಗಿವೆ ಅಂತ ನೋಡಿ ಅಂಕ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೈಯಲ್ಲಿ 40 ಪ್ರಶ್ನೆಗಳ ಫಾರ್ಮು. ಕಂಪ್ಯೂಟರ್ ಇದೆಯಾ? ಇಂಟರ್ನೆಟ್? ಯುಪಿಎಸ್? ತುಮಕೂರು ಕಡೆಯ ಆರು ಡೇರಿಗಳಿಗೆ ಮಧ್ಯಾಹ್ನ ಹೋಗಿ, ಸೆಕ್ರೆಟರಿ ಕೊಟ್ಟ ಟೀ ಕುಡಿದು, ಎಲ್ಲಕ್ಕೂ ‘ಇದೆ’ ಅಂತ ಬರೆದುಕೊಂಡು ಬಂದೆ. ಎಲ್ಲರಿಗೂ ಒಳ್ಳೆ ಅಂಕ. ಅನುಮಾನ ಶುರುವಾಗಿದ್ದೇ ಅಲ್ಲಿ.

ಏಳನೆಯ ಡೇರಿಗೆ ಬೆಳಗ್ಗೆ ಆರಕ್ಕೇ ಹೋಗಿ ನಿಂತೆ. ಹಾಲು ಅಳೆದು, ಒಂಚೂರು ಮಿಷಿನ್‌ಗೆ ಇಟ್ಟರೆ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ಎಷ್ಟು ಅಂತ ಬರುತ್ತದೆ. ರೇಟು ನಿಂತಿರುವುದು ಆ ಎರಡರ ಮೇಲೆ. ಹಸುವಿನ ಹಾಲಿಗೆ ಫ್ಯಾಟ್ ಶೇ. 3.5, ಎಸ್‌ಎನ್‌ಎಫ್ ಶೇ. 8.5 ಅನ್ನುವ ಲೆಕ್ಕ ಸಾಲಿನಲ್ಲಿದ್ದ ಅಜ್ಜಿಗೂ ಬಾಯಿಪಾಠ. ಚೀಟಿ ಪ್ರಿಂಟಾದ ಮೇಲೂ ಸೆಕ್ರೆಟರಿ ಅದನ್ನೇ ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. “ಎರಡೆರಡು ಕೆಲಸ ಯಾಕಣ್ಣ?” ಅಂದೆ. “ಇರ್ಲಿ ಬಿಡಿ ಸಾರ್” ಅಂದರು. ನಾನು ಸುಮ್ನೆ ಎರಡು ಅಂಕ ಕಡಿದೆ.

ಎರಡು ತಿಂಗಳ ಮೇಲೆ ಮತ್ತೆ ಹೋದರೆ, ಸಿಡಿಲಿಗೆ ಕಂಪ್ಯೂಟರ್ ಸುಟ್ಟಿತ್ತು. ಬ್ಯಾಕಪ್ ಇಲ್ಲ. ಅದರ ಪಾಸ್‌ವರ್ಡ್ ಗೊತ್ತಿದ್ದ ಒಬ್ಬನೇ ಹುಡುಗ ಕೆಲಸ ಬಿಟ್ಟಿದ್ದ. ಆದರೂ ಆ ವಾರದ ಬಟವಾಡೆ ಒಂದು ದಿನವೂ ತಡವಾಗಿರಲಿಲ್ಲ. ಸೆಕ್ರೆಟರಿ ರಿಜಿಸ್ಟರ್ ತೆರೆದು, ರೇಟ್ ಚಾರ್ಟ್ ಪಕ್ಕಕ್ಕಿಟ್ಟು, ರಾತ್ರಿಯೆಲ್ಲ ಕ್ಯಾಲ್ಕುಲೇಟರ್ ಒತ್ತಿದ್ದರಂತೆ.

ಫಾರ್ಮು ಬದಲಾಯಿಸಿದೆ. ‘ಇದೆಯಾ’ ಪ್ರಶ್ನೆಗಳೆಲ್ಲ ಹೋದವು. ಕೆಟ್ಟರೆ ಯಾರಿಗೆ ಫೋನ್ ಮಾಡುತ್ತೀರಿ, ಅವರು ಎಷ್ಟು ದಿನಕ್ಕೆ ಬರುತ್ತಾರೆ? ಸೆಕ್ರೆಟರಿ ಮದುವೆಗೆ ಹೋದರೆ ಮಿಷಿನ್ ನಡೆಸುವವರು ಯಾರು? ಕೆಲವನ್ನು ಕೇಳುವುದನ್ನೇ ಬಿಟ್ಟೆ. “ಹೋದ ವಾರದ ಬಿಲ್ ತೆಗೆದು ತೋರಿಸಿ” ಅಂದು ಗಡಿಯಾರ ನೋಡುತ್ತಿದ್ದೆ, ಅಷ್ಟೇ.

ಸದಸ್ಯರಿಗೆ ಮೊಬೈಲ್ ಇದೆಯಾ ಅನ್ನುವ ಪ್ರಶ್ನೆಯೂ ದಂಡ. ಒಬ್ಬ ಅಮ್ಮ ಹೇಳಿದರು: “ಮೆಸೇಜು ಮಗನಿಗೆ ಹೋಗ್ತದೆ, ಅವ್ನು ಪೀಣ್ಯದಲ್ಲವ್ನೆ.” ಹಸು ಕರೆಯುವುದು ಇವರು, ಲೆಕ್ಕ ತಲುಪುವುದು ಬೆಂಗಳೂರಿನ ಪೀಣ್ಯಕ್ಕೆ! ಮನೆಯ ಫೋನ್ ಎಣಿಸುವುದು ಬಿಟ್ಟು, ಮೆಸೇಜ್ ಯಾರ ಕೈಗೆ ಬರುತ್ತದೆ ಅಂತ ಕೇಳತೊಡಗಿದೆ. ಡೇರಿಗಳು ಜಾಸ್ತಿ ಅಂಕ ಕಳೆದುಕೊಂಡಿದ್ದು ಇಲ್ಲೇ.

2022ರಲ್ಲಿ ಕೇಂದ್ರ ಸರ್ಕಾರ 63,000 ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಹಾಕುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಸಂಘಗಳಲ್ಲೂ ನಾನಾಗಿದ್ದರೆ ಮೊದಲು ರಿಜಿಸ್ಟರೇ ಕೇಳುತ್ತಿದ್ದೆ.

ಏಳನೆಯ ಡೇರಿಗೆ ಕಡಿದ ಎರಡು ಅಂಕ ವಾಪಸ್ ಕೊಟ್ಟೆ. ಬ್ಯಾಕಪ್ ಇಲ್ಲದ್ದಕ್ಕೆ ಐದು ಕಡಿದೆ. ಸೆಕ್ರೆಟರಿ ನಕ್ಕರು. “ಇದು ಸರಿ ಸಾರ್. ಹಂಗೇ ಒಂದು ಪೆನ್‌ಡ್ರೈವ್ ಕೊಡ್ಸಿ ಹೋಗಿ.”