ಜೆಸಿಬಿ, ಹಿಟಾಚಿ ಬಿಸಿಯಾಗುತ್ತಿದೆಯೇ? ಜಾಲರಿಯ ಹಿಂದೆ ಇಣುಕಿ ನೋಡಿ

ಮಾರ್ಚ್ ಬಂತೆಂದರೆ ಬೆಂಗಳೂರಿನಲ್ಲಿ ಮಣ್ಣು ಅಗೆಯುವ ಯಂತ್ರಗಳ ಮಾಲೀಕರಿಗೆ ಮಧ್ಯಾಹ್ನದ ಫೋನು ಶುರುವಾಗುತ್ತದೆ: ‘ಗಾಡಿ ಹೀಟ್ ಆಗುತ್ತಿದೆ ಸರ್, ಆಫ್ ಮಾಡಿ ನಿಲ್ಲಿಸಿದ್ದೇನೆ.’ ಮೊದಲ ಅನುಮಾನ ಕೂಲೆಂಟ್ ಮೇಲೆ, ಆಮೇಲೆ ಥರ್ಮೋಸ್ಟಾಟ್ ಮೇಲೆ, ಕೊನೆಗೆ ವಾಟರ್ ಪಂಪ್ ಮೇಲೆ. ಮೂರನ್ನೂ ಬದಲಾಯಿಸಿ ಬಿಲ್ ಕಟ್ಟಿದ ಮೇಲೂ ಗೇಜಿನ ಮುಳ್ಳು ಮೇಲೇರುತ್ತಲೇ ಇರುತ್ತದೆ. ರೇಡಿಯೇಟರಿಗೂ ಅದಕ್ಕೆ ಅಂಟಿಕೊಂಡಂತೆ ನಿಂತಿರುವ ಹೈಡ್ರಾಲಿಕ್ ಆಯಿಲ್ ಕೂಲರಿಗೂ ನಡುವೆ ಇರುವ ಬೆರಳಗಲದ ಸಂದಿಯನ್ನು ಯಾರೂ ನೋಡಿರುವುದಿಲ್ಲ. ಅಲ್ಲಿ ಒಣಗಿದ ಪಾರ್ಥೇನಿಯಂ ಹೂವು, ಹೊಂಗೆಯ ಎಸಳು, ಹರಿದ ಪ್ಲಾಸ್ಟಿಕ್ ಕವರಿನ ಚೂರು, ಅದರ ಮೇಲೆ ಕೆಂಪು ಮಣ್ಣು, ಎಲ್ಲಕ್ಕೂ ಅಂಟಾಗಿ ಸ್ವಲ್ಪ ಆಯಿಲ್ ಸೇರಿಕೊಂಡು ಕಂಬಳಿ ಹೊದಿಸಿದಂತಾಗಿರುತ್ತದೆ.

ಲಾರಿ ಓಡುವಾಗ ಎದುರುಗಾಳಿ ತಾನಾಗಿ ಸಿಗುತ್ತದೆ. ಅಗೆಯುವ ಯಂತ್ರ ನಿಂತಲ್ಲೇ ನಿಂತು ದುಡಿಯುತ್ತದೆ. ತಾನೇ ಎಬ್ಬಿಸಿದ ಧೂಳನ್ನು ತನ್ನ ಫ್ಯಾನಿನಿಂದಲೇ ಎಳೆದುಕೊಳ್ಳುತ್ತದೆ. ಸಾಲದ್ದಕ್ಕೆ ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರಾವಳಿಗಿಂತ ಇಲ್ಲಿನ ಗಾಳಿ ಶೇ 8ರಷ್ಟು ತೆಳು. ಫ್ಯಾನ್ ಅಷ್ಟೇ ವೇಗವಾಗಿ ತಿರುಗಿದರೂ ಶಾಖ ಹೊತ್ತೊಯ್ಯುವ ಗಾಳಿ ಅಷ್ಟು ಕಡಿಮೆ. ಬೆಂಗಳೂರು ತಂಪಿನ ಊರು ಎಂಬ ಧೈರ್ಯವೂ ಬೇಡ: 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು.

ಮುಳ್ಳು ಕೆಂಪು ಗೆರೆ ಮುಟ್ಟುವ ತನಕ ಕಾಯಬೇಕಿಲ್ಲ. ಹೈಡ್ರಾಲಿಕ್ ಆಯಿಲ್ ಬಿಸಿಯಾದಂತೆ ತೆಳ್ಳಗಾಗುತ್ತದೆ, ಪಂಪು ಮತ್ತು ವಾಲ್ವುಗಳಲ್ಲಿ ಒಳಗೊಳಗೇ ಸೋರುತ್ತದೆ. ಬೆಳಿಗ್ಗೆ ಚುರುಕಾಗಿದ್ದ ಬೂಮ್, ಅಂದರೆ ಯಂತ್ರದ ದೊಡ್ಡ ತೋಳು, ಊಟದ ನಂತರ ಮಂದವಾದರೆ, ಎಸಿ ಇದ್ದರೂ ಕ್ಯಾಬಿನ್ ತಣ್ಣಗಾಗದಿದ್ದರೆ ಮೊದಲು ಕೂಲರುಗಳ ಕಡೆ ನೋಡಿ. ಆಪರೇಟರ್ ‘ಗಾಡಿ ಎಳೆಯುತ್ತಿಲ್ಲ’ ಎಂದರೆ ಸೋಮಾರಿತನವೆಂದು ಬಯ್ಯುವ ಮಾಲೀಕರೇ ಹೆಚ್ಚು. ಬಹಳಷ್ಟು ಸಲ ಅವನ ಮಾತೇ ನಿಜವಾಗಿರುತ್ತದೆ.

ಗಾಳಿ ಯಾವ ಕಡೆಯಿಂದ ಯಾವ ಕಡೆಗೆ?

ಇದು ತಿಳಿಯದೆ ಏರ್ ಪೈಪ್ ಹಿಡಿಯಬೇಡಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಹೊರಗಿನ ಜಾಲರಿಯ ಮುಂದೆ ಒಂದು ಹಾಳೆ ಹಿಡಿಯಿರಿ. ಹಾಳೆ ಜಾಲರಿಗೆ ಅಂಟಿಕೊಂಡರೆ ಫ್ಯಾನ್ ಗಾಳಿ ಎಳೆಯುತ್ತಿದೆ, ಹಾರಿ ಹೋದರೆ ಹೊರಕ್ಕೆ ದೂಡುತ್ತಿದೆ. ಸಾಮಾನ್ಯ ಜೆಸಿಬಿಯಲ್ಲಿ ಗಾಳಿ ಮುಂದಿನ ಗ್ರಿಲ್ ಮೂಲಕ ಒಳಬಂದು ಎಂಜಿನ್ ಕಡೆಗೆ ಹೋಗುತ್ತದೆ. ಹಿಟಾಚಿ ಎಂದು ನಾವು ಕರೆಯುವ, ಯಾವ ಕಂಪನಿಯದ್ದೇ ಆಗಿರಲಿ, ಇಪ್ಪತ್ತು ಟನ್ ಆಸುಪಾಸಿನ ಅಗೆತದ ಯಂತ್ರಗಳಲ್ಲಿ ಸಾಮಾನ್ಯವಾಗಿ ಕ್ಯಾಬಿನ್ ಹಿಂದಿನ ಬಾಗಿಲಿನ ಒಳಗೆ ಕೂಲರುಗಳ ಸಾಲಿರುತ್ತದೆ. ಎಂಜಿನ್ ಹಿಂದಿರುವ ಲೋಡರುಗಳಲ್ಲಿ ಎರಡೂ ಬಗೆ ಇವೆ, ಅಲ್ಲಿ ಹಾಳೆಯ ಪರೀಕ್ಷೆ ತಪ್ಪಿಸಬೇಡಿ.

ಕಸ ಬಂದ ದಾರಿಗೆ ಎದುರಾಗಿ ಗಾಳಿ ಹೊಡೆಯಬೇಕು. ಎಳೆಯುವ ಫ್ಯಾನಾದರೆ ಎಂಜಿನ್ ಕಡೆಯಿಂದ ಹೊರಕ್ಕೆ. ನಿತ್ಯ ನಡೆಯುವುದು ಇದರ ತಿರುಗುಮುರುಗು. ಹೆಲ್ಪರ್ ಗ್ರಿಲ್ ಮುಂದೆ ನಿಂತು ಹೊಡೆಯುತ್ತಾನೆ, ಮುಖ ಫಳಫಳ ಹೊಳೆಯುತ್ತದೆ, ಕಸವೆಲ್ಲ ಫಿನ್ನುಗಳ (ಕೂಲರಿನ ತೆಳು ಲೋಹದ ಪಟ್ಟಿಗಳ) ಒಳಕ್ಕೆ ಇಟ್ಟಂತೆ ಕೂರುತ್ತದೆ.

ಬಿಚ್ಚಿ, ಬೆಳಕು ಹಾಯಿಸಿ

ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಕೀ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒಳಗಿನ ಒತ್ತಡದಿಂದಾಗಿ ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುವ ಕೂಲೆಂಟ್ ಮುಚ್ಚಳ ತೆರೆದೊಡನೆ ಮುಖಕ್ಕೆ ಚಿಮ್ಮುತ್ತದೆ. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ ಎಂಬುದು ನೆನಪಿರಲಿ.

ಈಗ ಕೂಲರುಗಳ ಒಂದು ಬದಿಯಿಂದ ಟಾರ್ಚ್ ಹಾಕಿ, ಇನ್ನೊಂದು ಬದಿಯಿಂದ ನೋಡಿ. ಸಂಜೆಯ ಹೊತ್ತಾದರೆ ಇನ್ನೂ ಸ್ಪಷ್ಟ. ಫಿನ್ನುಗಳ ಸಾಲಿನಲ್ಲಿ ಬೆಳಕು ಸಮನಾಗಿ ಕಂಡರೆ ಸರಿ. ಕೆಳಗಿನ ಮೂಲೆ ಕತ್ತಲಾಗಿದ್ದರೆ ಅಲ್ಲಿ ಮಣ್ಣು ಗಟ್ಟಿಯಾಗಿದೆ. ಕೆಲವು ಯಂತ್ರಗಳಲ್ಲಿ ಎಸಿ ಕಂಡೆನ್ಸರ್ ಮತ್ತು ಆಯಿಲ್ ಕೂಲರ್ ಕೀಲಿನ ಮೇಲೆ ಹೊರಕ್ಕೆ ತಿರುಗುತ್ತವೆ. ತಿರುಗುವಂತಿದ್ದರೆ ತಿರುಗಿಸಿ, ಇಲ್ಲದಿದ್ದರೆ ಎರಡು ಬೋಲ್ಟ್ ಹೆಚ್ಚಿಗೆ ಬಿಚ್ಚುವ ತೊಂದರೆ ತೆಗೆದುಕೊಳ್ಳಿ. ಸಂದಿಯಲ್ಲಿರುವ ಕಸವನ್ನು ಮೊದಲು ಕೈಯಿಂದ ತೆಗೆಯಿರಿ. ಅದನ್ನು ಬಿಟ್ಟು ಎಷ್ಟು ಗಾಳಿ ಹೊಡೆದರೂ ಕಸ ಒಂದು ಕೂಲರಿನಿಂದ ಇನ್ನೊಂದಕ್ಕೆ ಹೋಗಿ ಕೂರುತ್ತದೆ, ಅಷ್ಟೇ.

ಮೊದಲು ಗಾಳಿ, ಆಮೇಲೆ ನೀರು

ಒಣ ಧೂಳಿಗೆ ನೀರು ಬಿದ್ದರೆ ಕೆಸರು, ಕೆಸರು ಒಣಗಿದರೆ ಇಟ್ಟಿಗೆ. ಕಟ್ಟಡದ ಸ್ಥಳದಲ್ಲಾದರೆ ಅದರಲ್ಲಿ ಸಿಮೆಂಟ್ ಬೇರೆ ಇರುತ್ತದೆ. ಹಾಗಾಗಿ ಗಾಳಿಯೇ ಮೊದಲು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೂರು ಪಿಎಸ್ಐ ದಾಟುತ್ತದೆ. ರೆಗ್ಯುಲೇಟರ್ ಹಾಕಿ 30 ಪಿಎಸ್ಐಗೆ ಇಳಿಸಿ, ನಳಿಕೆಯನ್ನು ಒಂದು ಅಡಿ ದೂರ, ಫಿನ್ನಿಗೆ ನೇರವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ಅಲ್ಯೂಮಿನಿಯಂ ಫಿನ್ ಸಾಲಾಗಿ ಮಲಗಿಬಿಡುತ್ತದೆ. ಮಲಗಿದ ಫಿನ್ ಮತ್ತು ಕಸ ತುಂಬಿದ ಫಿನ್ ಎರಡೂ ಗಾಳಿಯನ್ನು ತಡೆಯುತ್ತವೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ.

ಆಯಿಲ್ ಅಂಟಿದ್ದರೆ ಗಾಳಿಗೆ ಬಗ್ಗುವುದಿಲ್ಲ. ಎಂಜಿನ್ ಪೂರ್ತಿ ತಣಿದ ಮೇಲೆ ಅಲ್ಯೂಮಿನಿಯಂಗೆ ಹೊಂದುವ ಡಿಗ್ರೀಸರ್ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಸಾಮಾನ್ಯ ಹೋಸ್ ಪೈಪಿನ ನೀರಿನಲ್ಲಿ ತೊಳೆಯಿರಿ. ಕಾಸ್ಟಿಕ್ ಸೋಡಾ ಹಾಕಿದರೆ ಕೋರ್, ಅಂದರೆ ಕೊಳವೆ ಮತ್ತು ಫಿನ್ನುಗಳ ಭಾಗ, ತಿಂದುಹೋಗುತ್ತದೆ. ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಗನ್ ಚಕ್ರಕ್ಕೆ, ಬಕೆಟ್ಟಿಗೆ ಇರಲಿ. ಕೂಲರಿನ ಹತ್ತಿರ ಅದನ್ನು ಬಿಡದಿದ್ದರೆ ಒಳ್ಳೆಯದು. ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಕಟ್ಟುವುದನ್ನು ಮರೆಯಬೇಡಿ, ಬಿಚ್ಚುವುದನ್ನು ಇನ್ನೂ ಮರೆಯಬೇಡಿ.

ತೊಳೆದ ಕೂಡಲೇ ಯಂತ್ರವನ್ನು ಧೂಳಿಗೆ ಇಳಿಸುವವರಿದ್ದಾರೆ. ಒದ್ದೆ ಫಿನ್ ಧೂಳನ್ನು ಹಿಡಿದಷ್ಟು ಚೆನ್ನಾಗಿ ಒಣ ಫಿನ್ ಎಂದೂ ಹಿಡಿಯುವುದಿಲ್ಲ. ಎಂಜಿನ್ ಚಾಲೂ ಮಾಡಿ, ಪೂರ್ತಿ ಒಣಗುವವರೆಗೆ ಶುಚಿಯಾದ ಜಾಗದಲ್ಲಿ ಓಡಲು ಬಿಡಿ.

ಒಳಗೆ ಬರದಂತೆ ತಡೆಯುವುದು

ಅನೇಕರು ಗ್ರಿಲ್ ಮುಂದೆ ಸೊಳ್ಳೆ ಪರದೆ ಕಟ್ಟುತ್ತಾರೆ. ಉದ್ದೇಶ ಒಳ್ಳೆಯದು, ಬಟ್ಟೆ ತಪ್ಪು. ಅದರ ಕಣ್ಣು ಬಹಳ ಸಣ್ಣದು. ರಾಜಕಾಲುವೆಯ ಹೂಳೆತ್ತುವಾಗ ನಾಲ್ಕು ಪ್ಲಾಸ್ಟಿಕ್ ಕವರ್ ಬಂದು ಅಂಟಿದರೆ ಯಂತ್ರದ ಉಸಿರೇ ನಿಲ್ಲುತ್ತದೆ. ಗೋಣಿಚೀಲದ ಮಾತಂತೂ ಬೇಡ. ಎರಡು ಮೂರು ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿಯನ್ನು ಚೌಕಟ್ಟಿಗೆ ಕೂರಿಸಿ, ಮೇಲಿನಿಂದ ಎಳೆದು ತೆಗೆಯುವಂತೆ ಮಾಡಿಸಿ. ಎಸ್‌ಜೆಪಿ ರಸ್ತೆಯಲ್ಲಿ ಹುಡುಕಿದರೆ ಜಾಲರಿ ಸಿಗುತ್ತದೆ, ಚೌಕಟ್ಟನ್ನು ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ. ಜಾಲರಿಯ ವಿಸ್ತಾರ ಕೂಲರಿಗಿಂತ ಕಡಿಮೆ ಇರಕೂಡದು. ಊಟಕ್ಕೆ ನಿಲ್ಲಿಸಿದಾಗ ಅದನ್ನು ತೆಗೆದು ಒಮ್ಮೆ ಕೊಡವಬೇಕು. ಕೊಡವುವ ಅಭ್ಯಾಸವಿಲ್ಲದವರಿಗೆ ಜಾಲರಿ ಇಲ್ಲದಿರುವುದೇ ವಾಸಿ.

ಕೂಲರುಗಳ ಸುತ್ತ ಫೋಮ್ ಪಟ್ಟಿ ಇರುತ್ತದೆ. ಎರಡು ಮೂರು ಬಾರಿ ರಿಪೇರಿಯಾದ ಗಾಡಿಗಳಲ್ಲಿ ಅದು ಎಲ್ಲೋ ಮಾಯವಾಗಿರುತ್ತದೆ. ಆ ಸಂದಿಯಿಂದ ಎಂಜಿನ್ನಿನ ಬಿಸಿಗಾಳಿ ಸುತ್ತಿ ಮತ್ತೆ ಮುಂದಕ್ಕೆ ಬರುತ್ತದೆ, ಜಾಲರಿ ತಪ್ಪಿಸಿಕೊಂಡ ಕಸವೂ ಅಲ್ಲಿಂದಲೇ ನುಗ್ಗುತ್ತದೆ. ಪಟ್ಟಿ ಅಂಟಿಸಿ. ಆಯಿಲ್ ಸೋರಿಕೆಯನ್ನೂ ಹೀಗೇ ಗಂಭೀರವಾಗಿ ನೋಡಿ: ಹೋಸ್ ತುದಿಯಲ್ಲಿನ ಸೋರಿಕೆ, ಎಂಜಿನ್ನಿನ ಒಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪಿನಿಂದ ಬರುವ ಆಯಿಲ್ ಹಬೆ. ಒಣ ಧೂಳು ಬಂದ ದಾರಿಯಲ್ಲೇ ಹೊರಗೆ ಹೋಗಬಹುದು, ಆಯಿಲ್ ಸೇರಿದ ಧೂಳು ಹೋಗುವುದಿಲ್ಲ.

ಕಲ್ಲು ಒಡೆಯುವ ಬ್ರೇಕರ್ ಕೆಲಸವಿದ್ದರೆ ಮೊದಲು ಟ್ಯಾಂಕರಿನಿಂದ ನೀರು ಚಿಮುಕಿಸಿ. ಸಾಧ್ಯವಾದಲ್ಲೆಲ್ಲ ಧೂಳನ್ನು ಗಾಳಿ ಹೊತ್ತೊಯ್ಯುವ ದಿಕ್ಕಿನಲ್ಲಿ ಗ್ರಿಲ್ ಬರದಂತೆ ಯಂತ್ರ ನಿಲ್ಲಿಸಿ. ಕಸದ ರಾಶಿ ಸರಿಸುವ, ಕೆರೆಯಂಗಳದ ಜೊಂಡು ಕೀಳುವ ಕೆಲಸವೇ ವರ್ಷವಿಡೀ ಇದ್ದರೆ ಉಲ್ಟಾ ತಿರುಗುವ ಫ್ಯಾನಿನ ಖರ್ಚು ದಂಡವಲ್ಲ. ಅದು ಆಗಾಗ ದಿಕ್ಕು ಬದಲಿಸಿ ಮೇಲ್ಮೈಯ ಕಸ ಊದಿಬಿಡುತ್ತದೆ. ಆದರೆ ಆಗಲೇ ಗಟ್ಟಿಯಾಗಿರುವ ಮಣ್ಣನ್ನು ಅದು ತೆಗೆಯುವುದಿಲ್ಲ. ಶುಚಿಯಾದ ಕೂಲರಿನ ಮೇಲೆ ಮೊದಲ ದಿನದಿಂದಲೇ ಬಳಸಬೇಕು. ಎದುರು ಯಾರೂ ನಿಂತಿಲ್ಲವೆಂದು ನೋಡಿಕೊಂಡೇ ಗುಂಡಿ ಒತ್ತಿ. ಟರ್ಬೊ, ಸೈಲೆನ್ಸರ್ ಸುತ್ತ ಬಿದ್ದ ಒಣ ಎಲೆಯನ್ನೂ ಅದೇ ಹೊತ್ತಿಗೆ ಗುಡಿಸಿ. ಅಲ್ಲಿ ಬಿಸಿ ಏರುವುದಷ್ಟೇ ಅಲ್ಲ, ಬೆಂಕಿಯ ಅಪಾಯವೂ ಉಂಟು.

ಇಷ್ಟಾದ ಮೇಲೂ ಮುಳ್ಳು ಇಳಿಯದಿದ್ದರೆ ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ನೋಡಿ, ನಂತರ ಥರ್ಮೋಸ್ಟಾಟ್. ಬೋರ್‌ವೆಲ್ ನೀರನ್ನೇ ಸುರಿಯುತ್ತ ಬಂದ ಗಾಡಿಯಾದರೆ ಕೊಳವೆಗಳ ಒಳಗೆ ಸುಣ್ಣ ಕಟ್ಟಿರುವ ಸಂಭವ ಹೆಚ್ಚು. ಅದಕ್ಕೆ ಕೋರ್ ಇಳಿಸಿ ರೇಡಿಯೇಟರ್ ಕೆಲಸದವರ ಬಳಿಗೇ ಒಯ್ಯಬೇಕು.