ಕರುಳಿನ ಉರಿಯೂತಕ್ಕೆ ಕಡಿವಾಣ: ಉಪಕಾರಿ ಬ್ಯಾಕ್ಟೀರಿಯಾಗಳನ್ನು ಪೋಷಿಸುವ ಕ್ರಮ

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆದರೆ ಕರುಳಿನ ಮಟ್ಟಿಗೆ ಆ ಶಕ್ತಿ ಹೆಚ್ಚುವುದಕ್ಕಿಂತ ಹದದಲ್ಲಿರುವುದೇ ಮುಖ್ಯ. ಆಹಾರದೊಡನೆ ಒಳಬರುವ ಪ್ರತಿಯೊಂದು ವಸ್ತುವಿನ ಮೇಲೂ ರೋಗನಿರೋಧಕ ಕೋಶಗಳು ದಾಳಿ ಮಾಡತೊಡಗಿದರೆ ಕರುಳಿನ ಒಳಗೋಡೆಯೇ ಹಾಳಾಗುತ್ತದೆ. ಹಾಗಾಗದಂತೆ ತಡೆಯುವ ಕೋಶಗಳಲ್ಲಿ ನಿಯಂತ್ರಕ ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಪ್ರಮುಖವಾದವು. 1995ರಲ್ಲಿ ಇವುಗಳನ್ನು ಗುರುತಿಸಿದ ಜಪಾನಿನ ಶಿಮೊನ್ ಸಕಾಗುಚಿ ಅವರು 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ನಮ್ಮ ಕಿಣ್ವಗಳಿಗೆ ಕರಗದ ನಾರಿನಂಶವು ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂತಹ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಬ್ಯುಟಿರೇಟ್ ಒಳಪದರದ ಕೋಶಗಳಿಗೆ ಇಂಧನವಾಗುತ್ತದೆ. ಅದಲ್ಲದೆ, ಇನ್ನೂ ನಿರ್ದಿಷ್ಟ ಪಾತ್ರ ತಳೆಯದ ಟಿ ಕೋಶದಲ್ಲಿ ಫಾಕ್ಸ್‌ಪಿ3 ಎಂಬ ಜೀನ್ ಸಕ್ರಿಯವಾಗಲು ನೆರವಾಗಿ ಆ ಕೋಶವನ್ನು ನಿಯಂತ್ರಕ ಕೋಶವಾಗುವತ್ತ ಒಯ್ಯುತ್ತದೆ ಎಂಬುದು 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ತಿಳಿದುಬಂದಿತು. ಹೀಗೆ ರೂಪುಗೊಂಡ ಕೋಶಗಳು ಇಂಟರ್‌ಲ್ಯೂಕಿನ್-10 ಎಂಬ ಸಂಕೇತದ್ರವ್ಯವನ್ನು ಸ್ರವಿಸಿ, ಉರಿಯೂತವನ್ನು ಕೆರಳಿಸುವ ಇತರ ಕೋಶಗಳನ್ನು ಹಿಡಿತದಲ್ಲಿಡುತ್ತವೆ.

ಆದ್ದರಿಂದ ಮೊದಲ ಕೆಲಸ ಪ್ರೊಬಯಾಟಿಕ್ ಮಾತ್ರೆ (ಜೀವಂತ ಉಪಕಾರಿ ಬ್ಯಾಕ್ಟೀರಿಯಾಗಳಿರುವ ಮಾತ್ರೆ) ಕೊಳ್ಳುವುದಲ್ಲ, ಈಗಾಗಲೇ ಒಳಗಿರುವ ಬ್ಯಾಕ್ಟೀರಿಯಾಗಳಿಗೆ ಆಹಾರ ಒದಗಿಸುವುದು. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಡಿಧಾನ್ಯ, ಬೇಳೆಕಾಳು, ತರಕಾರಿ ಮತ್ತು ಹಣ್ಣುಗಳನ್ನು ಬದಲಿಸುತ್ತ ತಿನ್ನಿರಿ, ಏಕೆಂದರೆ ಬೇರೆ ಬೇರೆ ಬ್ಯಾಕ್ಟೀರಿಯಾಗಳು ಬೇರೆ ಬೇರೆ ಬಗೆಯ ನಾರನ್ನು ಬಳಸುತ್ತವೆ. ಪ್ರಮಾಣವನ್ನು ಒಮ್ಮೆಲೇ ಏರಿಸಿದರೆ ಹೊಟ್ಟೆಯುಬ್ಬರ ಕಾಡುತ್ತದೆ. ಕೆಲವು ವಾರಗಳ ಅವಧಿಯಲ್ಲಿ ನಿಧಾನವಾಗಿ ಹೆಚ್ಚಿಸಿ, ಸಾಕಷ್ಟು ನೀರು ಕುಡಿಯಿರಿ.

ಮೊಸರಿನಂತಹ ಹುದುಗಿಸಿದ ಆಹಾರಕ್ಕೂ ಸ್ಥಾನವಿರಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 2021ರಲ್ಲಿ ಪ್ರಕಟಿಸಿದ, 36 ವಯಸ್ಕರ ಸಣ್ಣ ಅಧ್ಯಯನದಲ್ಲಿ, ಹತ್ತು ವಾರ ಇಂತಹ ಆಹಾರವನ್ನು ಹೆಚ್ಚಾಗಿ ಸೇವಿಸಿದವರ ರಕ್ತದಲ್ಲಿ ಉರಿಯೂತದ ಹಲವು ಸೂಚಕಗಳು ಇಳಿದವು. ನಾರನ್ನು ಹೆಚ್ಚಿಸಿದ ಗುಂಪಿನಲ್ಲಿ ಎಲ್ಲರಿಗೂ ಅಂತಹ ಇಳಿಕೆ ಕಾಣಲಿಲ್ಲವಾದ್ದರಿಂದ, ಎರಡನ್ನೂ ಜೊತೆಯಾಗಿ ರೂಢಿಸಿಕೊಳ್ಳುವುದೇ ವಿವೇಕವೆಂದು ನನ್ನ ಅಭಿಪ್ರಾಯ. ಪ್ರತಿಜೀವಕಗಳು (ಆಂಟಿಬಯಾಟಿಕ್‌ಗಳು) ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ ವೈದ್ಯರು ಸೂಚಿಸದೆ ಅವುಗಳನ್ನು ಸೇವಿಸಬಾರದು, ಸೂಚಿಸಿದಾಗ ತಪ್ಪಿಸಲೂಬಾರದು.

ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆ ಉಲ್ಬಣಿಸಿರುವವರಿಗೆ, ಕರುಳು ಕಿರಿದಾಗಿರುವವರಿಗೆ ಹೆಚ್ಚು ನಾರು ತೊಂದರೆ ಕೊಡಬಹುದು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಪ್ರೊಬಯಾಟಿಕ್ ಮಾತ್ರೆಗಳಿಂದಲೇ ಸೋಂಕು ತಗಲುವ ಅಪಾಯವಿದೆ. ಇಂಥವರು ಆಹಾರಕ್ರಮ ಬದಲಿಸುವ ಮುನ್ನವೇ ವೈದ್ಯರನ್ನು ಕಾಣಬೇಕು, ನಡೆಯುತ್ತಿರುವ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.